ಶಿವಯೋಗಿ ಸಿದ್ಧರಾಮೇಶ್ವರರ ಕೋಪವೂ ತಾಳ್ಮೆಯೂ

ಜೀವನದಿಯೊಂದೂ ಇಲ್ಲದ ಸೀಮೆ ನಮ್ಮ ಕೋಲಾರ. ಪಾಲಾರಿನ ಪಾತ್ರ ಈ ನೆಲದಲ್ಲಿಯೇ ಹಾದುಹೋದರೂ ವರ್ಷದ ಬಹುಕಾಲ ಅದರಲ್ಲಿ ಕಾಣುವುದು ಮರಳೇ ಹೊರತು ನೀರಲ್ಲ. ಆದುದರಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಿರಿಯರು ಮುಗಿಲನ್ನೇ ನಂಬಿ ಕೆರೆಗಳನ್ನು ಕಟ್ಟಿದರು. ಮೇಲಣ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಣ ಕೆರೆಗೆ; ಅದೂ ತುಂಬಿದರೆ ಅದರ ಕೆಳಗಣದಕ್ಕೆ. ಹೀಗೆ ಒಂದರ ಕೈಯನ್ನೊಂದು ಹಿಡಿದು ನಿಂತ ಕೆರೆಗಳ ಸಾಲುಗಳೇ ಈ ಸೀಮೆಯ ನದಿಗಳು. ಏರಿಗೆ ಹೊತ್ತ ಒಂದೊಂದು ಬುಟ್ಟಿ ಮಣ್ಣಿನಲ್ಲಿಯೂ ಎಷ್ಟು ಜನರ ಬೆವರಿದೆಯೋ, ಎಷ್ಟು ವರ್ಷಗಳ ತಾಳ್ಮೆಯಿದೆಯೋ ಲೆಕ್ಕವಿಟ್ಟವರಾರು? ಇಂದು ಭೂಮಿಯನ್ನು ಸಾವಿರ ಅಡಿಗೂ ಆಳಕ್ಕೆ ಕೊರೆದು ನೀರು ಹುಡುಕುವ ಕಾಲ ಬಂದಿದೆ; 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಹರಿಯತೊಡಗಿದೆ. ಆ ನೀರನ್ನು ಹಿಡಿದಿಡುವುದಕ್ಕಾದರೂ ಹಿರಿಯರ ಏರಿಗಳೇ ಬೇಕಾದುವು.

ಕೆರೆಯಿದ್ದಲ್ಲಿ ಕಲಹವೂ ಉಂಟು. ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಮೊದಲು, ಯಾರದಕ್ಕೆ ಅನಂತರ ಎಂಬುದನ್ನು ತೀರ್ಮಾನಿಸುವುದಕ್ಕೆ ನೀರುಗಂಟಿಯನ್ನು ನೇಮಿಸಿದ ನಮ್ಮ ಪೂರ್ವಿಕರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರು. ಆದರೆ ನೀರಿಗಾಗಿ ಹುಟ್ಟುವ ಕೋಪಕ್ಕಿಂತ ಹೆಸರಿಗಾಗಿ ಹುಟ್ಟುವ ಕೋಪವು ಹೆಚ್ಚು ದಿನ ಬಾಳುತ್ತದೆ. ಮುಳಬಾಗಿಲು ಸೀಮೆಯ ಒಂದು ಹಳ್ಳಿಯಲ್ಲಿ ಊರವರೆಲ್ಲ ಸೇರಿ ಕೆರೆಯ ಹೂಳೆತ್ತಬೇಕೆಂದು ಸಂಕಲ್ಪಿಸಿದರು. ಕಾರ್ಯಾರಂಭದ ಕರೆಯೋಲೆಯನ್ನು ಬರೆದುಕೊಡುವ ಕೆಲಸ ಈ ಲೇಖಕನಿಗೆ ಬಂತು. ಅದರಲ್ಲಿ ಒಬ್ಬ ಹಿರಿಯರ ಹೆಸರು ಮತ್ತೊಬ್ಬರ ಹೆಸರಿಗಿಂತ ಕೆಳಗೆ ಬಿತ್ತು. ಅವರು ಸಭೆಯಲ್ಲಿಯೇ ಎದ್ದು ನಿಂತು, ಪಾಠ ಹೇಳುವವನಿಗೆ ಊರಿನ ಮರ್ಯಾದೆ ಏನು ಗೊತ್ತೆಂದು ಕೇಳಿದರು. ನನ್ನ ಬಾಯಿಂದಲೂ ಬರಬಾರದ ಮಾತು ಬಂತು. ಎರಡು ಬೇಸಗೆಗಳು ಕಳೆದವು. ಕೆರೆಯಲ್ಲಿ ಹೂಳು ಹಾಗೆಯೇ ಇತ್ತು. ತಪ್ಪು ಅವರದೆಂದು ನಾನೂ, ನನ್ನದೆಂದು ಅವರೂ ಹೇಳಿಕೊಂಡು ತಿರುಗಿದೆವು.

ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾದುದು ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆ. ಕೆರೆಯನ್ನು ಕಟ್ಟಿಸುತ್ತ ಮಹಾತ್ಮರೆನಿಸಿದವರು ಅವರು. ಆ ಕೆರೆಯ ಬಳಿಯಲ್ಲಿಯೇ ಕೋಪಕ್ಕೆ ವಶರಾದವರು ಅವರು. ಆ ಕೋಪ ಕಳೆದ ಮೇಲೆ ಶರಣರ ನಡುವೆ ಅತ್ಯುನ್ನತ ಪೀಠವನ್ನೇರಿದವರೂ ಅವರೇ. ಈ ಚರಿತ್ರೆಯನ್ನು ವಾಚಕರಲ್ಲಿ ಬಹುಮಂದಿ ಬಲ್ಲರು. ಬಲ್ಲುದನ್ನೇ ಇನ್ನೊಮ್ಮೆ ಹೇಳುವುದರಲ್ಲಿ ದೋಷವಿಲ್ಲವೆಂದು ಭಾವಿಸುತ್ತೇನೆ.

ಈಗ ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. 12ನೆಯ ಶತಮಾನದಲ್ಲಿ ಅಲ್ಲಿ ಮುದ್ದಗೌಡ, ಸುಗ್ಗವ್ವೆ ಎಂಬ ದಂಪತಿಗಳಿಗೆ ಜನಿಸಿದ ಶಿಶುವಿಗೆ ಮನೆದೇವರ ಹೆಸರಾದ ಧೂಳಿಮಾಕಾಳನೆಂಬುದನ್ನೇ ಇಟ್ಟರು. ರೇವಣಸಿದ್ಧೇಶ್ವರರು ಮುಂದಾಗಿಯೇ ಈ ಜನನವನ್ನು ಸೂಚಿಸಿದ್ದರೆಂದು ಕಾವ್ಯಗಳು ಹೇಳುತ್ತವೆ. ಮಗು ಬೆಳೆಯಿತು, ಆದರೆ ಆಟವಿಲ್ಲ, ಮಾತಿಲ್ಲ. ಮಂದಬುದ್ಧಿಯವನೆಂದು ನೆರೆಹೊರೆಯವರು ಮರುಗಿದರು. ದನ ಕಾಯುವುದಕ್ಕಾದರೂ ಆದೀತೆಂದು ಅಡವಿಗೆ ಕಳುಹಿಸಿದರು. ತಾಯಿತಂದೆಗಳು ಆ ಮಗುವಿನ ವಿಷಯದಲ್ಲಿ ತೋರಿದ ಸೈರಣೆಯನ್ನು ಕವಿಗಳು ಹೆಚ್ಚು ವರ್ಣಿಸಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ನೋಡಿದ ನನಗೆ ಅದು ಸಣ್ಣ ಸಂಗತಿಯೆಂದು ತೋರುವುದಿಲ್ಲ.

ಒಂದು ದಿನ ದನಗಳ ಬಳಿ ಕುಳಿತಿದ್ದ ಬಾಲಕನ ಮುಂದೆ ಜಂಗಮನೊಬ್ಬನು ಕಾಣಿಸಿಕೊಂಡನು. ತಾನು ಶ್ರೀಶೈಲದ ಮಲ್ಲಯ್ಯನೆಂದು ಹೇಳಿ ಹೊಲದ ಎಳೆಯ ತೆನೆಯನ್ನು ಬೇಡಿದನು. ಅದನ್ನು ತಿಂದು, ಬಳಿಕ ಮಜ್ಜಿಗೆಯನ್ನ ಬೇಕೆಂದನು. ಬಾಲಕನು ಮನೆಗೆ ಓಡಿದನು. ಅಂದಿನವರೆಗೆ ಮಾತನಾಡದ ಮಗ ಮಲ್ಲಯ್ಯನಿಗೆ ಅನ್ನ ಕೊಡೆಂದು ಕೇಳಿದಾಗ ತಾಯಿಗೆ ಉಂಟಾದ ಆನಂದವನ್ನು ಊಹಿಸಬಹುದು. ಆದರೆ ಬುತ್ತಿ ಹೊತ್ತು ಮರಳಿದಾಗ ಅಲ್ಲಿ ಯಾರೂ ಇರಲಿಲ್ಲ. ಮಲ್ಲಯ್ಯಾ ಎಂದು ಕೂಗುತ್ತ, ಅಳುತ್ತ, ಕಂಡಕಂಡವರನ್ನು ಕೇಳುತ್ತ ಅವನು ನಡೆದನು. ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರು ಜೊತೆಗೆ ಕರೆದೊಯ್ದು, ಗುಡಿಯಲ್ಲಿದ್ದ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯನೆಂದರು. ತನ್ನಲ್ಲಿ ಅನ್ನ ಬೇಡಿದ ಮಲ್ಲಯ್ಯನು ಇವನಲ್ಲವೆಂದು ಬಾಲಕನು ಒಪ್ಪಲಿಲ್ಲ. ಬೆಟ್ಟವನ್ನೆಲ್ಲ ಅರಸಿ, ಕಾಣದೆ, ಆಳವಾದ ಕಮರಿಗೆ ಬೀಳಲು ಮುಂದಾದಾಗ ಮಲ್ಲಿಕಾರ್ಜುನನೇ ಪ್ರತ್ಯಕ್ಷನಾಗಿ ಕೈಹಿಡಿದನೆಂದೂ, ಸೊನ್ನಲಿಗೆಗೆ ಮರಳಿ ಅದನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆಯಿತ್ತನೆಂದೂ ಕಥೆ.

ಈ ಕಥೆಯನ್ನು ವಿಸ್ತರಿಸಿ ಷಟ್ಪದಿಯಲ್ಲಿ ಹಾಡಿದವನು ಹಂಪೆಯ ರಾಘವಾಂಕ. ಸಿದ್ಧರಾಮ ಚಾರಿತ್ರ ಅವನ ಕೃತಿ. ಆ ಕಾವ್ಯದ ಹಿಂದೆಯೂ ಒಂದು ಕೋಪದ ಐತಿಹ್ಯವಿದೆ. ರಾಘವಾಂಕನು ಹರಿಶ್ಚಂದ್ರನೆಂಬ ನರನನ್ನು ಕುರಿತು ಕಾವ್ಯ ಬರೆದನೆಂದು ಗುರುವೂ ಸೋದರಮಾವನೂ ಆದ ಹರಿಹರನು ಸಿಟ್ಟಾಗಿ ಪಾದರಕ್ಷೆಯಿಂದ ಹೊಡೆಯಲು ಶಿಷ್ಯನ ಹಲ್ಲುಗಳು ಉದುರಿದುವಂತೆ; ಆಮೇಲೆ ಶಿವಭಕ್ತರ ಚರಿತ್ರೆಗಳನ್ನು ಬರೆಬರೆದಂತೆ ಹಲ್ಲುಗಳು ಮರಳಿ ಬಂದುವಂತೆ. ನಿಜವೋ ಸುಳ್ಳೋ, ಸೋದರಮಾವನ ಸಿಟ್ಟಿಗೆ ಎದುರಾಗಿ ಸಿಟ್ಟುಗೊಳ್ಳದೆ ಲೇಖನಿಯನ್ನು ಹಿಡಿದ ಆ ಸೋದರಳಿಯನನ್ನು ನೆನೆದಾಗಲೆಲ್ಲ ನನಗೆ ಗೌರವ ಹುಟ್ಟುತ್ತದೆ. ಇರಲಿ, ಪ್ರಕೃತಕ್ಕೆ ಬರೋಣ.

ಊರಿಗೆ ಮರಳಿದ ಸಿದ್ಧರಾಮರು ಅಪ್ಪಣೆಯನ್ನು ಕಾರ್ಯಕ್ಕೆ ಇಳಿಸಿದರು. ಗುಡಿಗಳಾದವು. ಊರ ಸುತ್ತ 68 ಲಿಂಗಗಳ ಪ್ರತಿಷ್ಠೆಯಾಯಿತು. ಎಲ್ಲಕ್ಕಿಂತ ದೊಡ್ಡ ಕಾರ್ಯವೆಂದರೆ ಕೆರೆ. ಸೊಲ್ಲಾಪುರಕ್ಕೆ ಹೋದವರು ಆ ಕೆರೆಯನ್ನು ಇಂದಿಗೂ ಕಾಣಬಹುದು. ಅದರ ನಡುವೆ ಸಿದ್ಧೇಶ್ವರನ ಗುಡಿಯಿದೆ. ಮೈಮುರಿದು ದುಡಿಯಲು ಸುತ್ತಣ ಭಕ್ತರು ನೂರಾರು, ಸಾವಿರಾರು ಮಂದಿ ಬಂದರೆಂದು ಕಾವ್ಯಗಳು ಹೇಳುತ್ತವೆ. ಯಂತ್ರಗಳಿಲ್ಲದ ಕಾಲ. ಅಗೆಯುವವರು ಅಗೆಯಬೇಕು, ತುಂಬುವವರು ತುಂಬಬೇಕು, ಹೊರುವವರು ಹೊರಬೇಕು, ಏರಿಯ ಮೇಲೆ ಸುರಿದ ಮಣ್ಣನ್ನು ತುಳಿದು ಗಟ್ಟಿಮಾಡಬೇಕು. ಒಂದು ಮಳೆಗೆ ಅರ್ಧ ಕಟ್ಟಿದ ಏರಿ ಕೊಚ್ಚಿಹೋದರೆ ಮತ್ತೆ ಮೊದಲಿನಿಂದ. ಕೆರೆ ಕಟ್ಟುವ ಕಾರ್ಯದಲ್ಲಿ ಅವಸರಕ್ಕೆ ಎಡೆಯಿಲ್ಲ. ಸಡಿಲ ಮಣ್ಣಿನ ಏರಿ ತೋರಿಕೆಗೆ ಏರಿಯೇ. ನೀರು ಬಂದು ನಿಂತಾಗ ಅದರ ಗುಣ ತಿಳಿಯುತ್ತದೆ. ಬಾಲ್ಯದಲ್ಲಿ ಮಾತನ್ನೇ ಆಡದೆ ಕುಳಿತಿದ್ದವರು, ಕಮರಿಯ ಅಂಚಿನವರೆಗೂ ದೇವರನ್ನು ಅರಸಿದವರು, ವರ್ಷಾನುಗಟ್ಟಲೆ ಇಂತಹ ಕಾರ್ಯವನ್ನು ನಡೆಸಿದವರು ಎಂದ ಮೇಲೆ ಅವರಿಗಿಂತ ತಾಳ್ಮೆಯುಳ್ಳವರು ಇನ್ನಾರಿದ್ದಾರು ಎನಿಸುತ್ತದೆ. ಅಂದಿನ ಜನರಿಗೂ ಹಾಗೆಯೇ ಎನಿಸಿರಬೇಕು. ಸಿದ್ಧರಾಮರಿಗೂ ತಮ್ಮ ವಿಷಯದಲ್ಲಿ ಹಾಗೆನಿಸಿದ್ದರೆ ಆಶ್ಚರ್ಯವಿಲ್ಲ.

ಅಂತಹ ಸಮಯದಲ್ಲಿ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಿಜಯಂಗೈದರು.

ಈ ಪ್ರಸಂಗ ಚಾಮರಸನ ಪ್ರಭುಲಿಂಗಲೀಲೆಯಲ್ಲಿದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿದೆ. ಪ್ರಭುಗಳು ಕೆಲಸ ನಡೆಯುತ್ತಿದ್ದ ಸ್ಥಳಕ್ಕೆ ಬಂದು ನಿಂತರು. ಅಲ್ಲಿ ದುಡಿಯುತ್ತಿದ್ದವರನ್ನು ಕುರಿತು, ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದರು. ಅಷ್ಟೇ. ಬೈಗುಳವಲ್ಲ, ಶಾಪವಲ್ಲ, ಒಂದು ಹೆಸರು. ಕೆಲಸಗಾರರ ಕಿವಿಗೆ ಅದು ಕಾದ ಕಬ್ಬಿಣದಂತೆ ತಗುಲಿತು. ತಮ್ಮ ಗುರುವನ್ನು, ಶಿವಯೋಗಿಯನ್ನು, ಮಲ್ಲಿಕಾರ್ಜುನನೇ ಕೈಹಿಡಿದ ಮಹಾಪುರುಷನನ್ನು ದಾರಿಹೋಕನೊಬ್ಬನು ಹೀಗೆ ಕರೆಯುವುದೆ? ಕೈಗೆ ಸಿಕ್ಕ ಕಲ್ಲುಗಳನ್ನು ಬೀರತೊಡಗಿದರು. ಏರಿಗೆಂದು ತಂದ ಕಲ್ಲುಗಳು ಪ್ರಭುಗಳ ಮೇಲೆ ಬಿದ್ದುವು. ಅವರಿಗೆ ನೋವಾಗಲಿಲ್ಲ, ಅವರು ಸರಿದು ಹೋಗಲೂ ಇಲ್ಲ. ಬಿದ್ದ ಕಲ್ಲುಗಳು ಬೆಟ್ಟವಾಗಿ ರಾಶಿಗೊಂಡುವು, ಆ ಬೆಟ್ಟದ ಮೇಲೆ ಅವರು ಸುಮ್ಮನೆ ನಿಂತಿದ್ದರೆಂದು ಕಥೆ ಹೇಳುತ್ತದೆ. ಆ ಹೊತ್ತು ಕೆರೆಯ ಕೆಲಸ ನಿಂತಿತ್ತೆಂಬುದನ್ನು ಮಾತ್ರ ಯಾರೂ ಗಮನಿಸಲಿಲ್ಲ. ಕೆರೆ ಕಟ್ಟಬೇಕಾದ ಕೈಗಳು ಕಲ್ಲು ಬೀರುತ್ತಿದ್ದುವು.

ಇಲ್ಲಿ ನಾವು ಸ್ವಲ್ಪ ನಿಂತು ವಿಚಾರ ಮಾಡಬೇಕು. ಒಡ್ಡು ಎಂದರೆ ಏರಿ, ಕಟ್ಟೆ. ಒಡ್ಡು ಕಟ್ಟುತ್ತಿದ್ದವರನ್ನು ಒಡ್ಡರಾಮನೆಂದು ಕರೆದರೆ ಅದರಲ್ಲಿ ಅಸತ್ಯವೇನಿದೆ? ಹಗಲೆಲ್ಲ ಮಾಡುತ್ತಿದ್ದ ಕೆಲಸದ ಹೆಸರಿನಿಂದಲೇ ಕರೆದಾಗ ಅವಮಾನವಾಯಿತೆಂದರೆ, ಆ ಕೆಲಸ ಕೀಳೆಂಬ ಭಾವನೆ ಒಳಗೆಲ್ಲೋ ಉಳಿದಿತ್ತೆಂದಾಗಲಿಲ್ಲವೆ? ಮಣ್ಣು ಹೊರುವುದು ಶಿವನ ಸೇವೆ, ಸರಿ. ಆದರೆ ಮಣ್ಣು ಹೊರುವವನೆಂದು ಅನ್ನಿಸಿಕೊಳ್ಳುವುದು ಬೇಡ. ಕಾಯಕವನ್ನೇ ಕೈಲಾಸವೆಂದ ಶರಣರ ಕಾಲದಲ್ಲಿ ಈ ಸಣ್ಣ ಮುಳ್ಳು ಅಷ್ಟು ದೊಡ್ಡ ಪುಣ್ಯಕಾರ್ಯದ ಒಳಗೆ ಅಡಗಿತ್ತು. ಪ್ರಭುಗಳು ಅದನ್ನು ದೂರದಿಂದಲೇ ಕಂಡು, ಒಂದೇ ಮಾತಿನಿಂದ ಮುಟ್ಟಿ ತೋರಿಸಿದರು. ಮುಟ್ಟಿದ ಕಡೆಗೆ ನೋವಾಯಿತೆಂದರೆ ಮುಳ್ಳು ಅಲ್ಲಿದೆಯೆಂದು ತಿಳಿಯಬೇಕು.

ಸುದ್ದಿ ಸಿದ್ಧರಾಮರಿಗೆ ಮುಟ್ಟಿತು. ಅವರು ಬಂದರು. ಬರುವಾಗಲೇ ಕ್ರೋಧಾವಿಷ್ಟರಾಗಿದ್ದರು. ನಿಂತಿರುವವನು ಯಾರು, ಏಕೆ ಬಂದಿದ್ದಾನೆ, ಏನನ್ನುತ್ತಾನೆ ಎಂಬ ವಿಚಾರ ನಡೆಯಲಿಲ್ಲ. ಹಣೆಗಣ್ಣು ತೆರೆಯಿತು. ಅದರಿಂದ ಹೊರಟ ಉರಿ ಸುತ್ತಲೂ ಹಬ್ಬಿತು. ಯಾರಿಗಾಗಿ ಕೆರೆ ಕಟ್ಟುತ್ತಿದ್ದರೋ ಆ ಊರಿಗೆ, ಆ ಜನಕ್ಕೆ ಆ ಉರಿಯೇ ಭಯವನ್ನು ತಂದಿತು. ಕೋಪವು ಯಾರ ಮೇಲೆ ಹುಟ್ಟುತ್ತದೆಯೋ ಅವರನ್ನು ಮಾತ್ರ ಸುಟ್ಟು ನಿಲ್ಲುವುದಿಲ್ಲ ಎಂಬುದನ್ನು ಮನೆಮಕ್ಕಳ ಮೇಲೆ ಒಮ್ಮೆಯಾದರೂ ಕೂಗಾಡಿದ ಗೃಹಸ್ಥರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ ಅಣ್ಣತಮ್ಮಂದಿರ ನಡುವೆ ಹುಟ್ಟಿದ ಸಿಟ್ಟು ಸಂಜೆ ಅಡುಗೆಮನೆಗೆ ಬರುತ್ತದೆ. ಅಂಗಡಿಯಲ್ಲಿ ಹುಟ್ಟಿದುದು ಮಗುವಿನ ಬೆನ್ನಿನ ಮೇಲೆ ಇಳಿಯುತ್ತದೆ.

ಆ ಉರಿ ಕಡೆಗೆ ಪ್ರಭುಗಳ ಪಾದದವರೆಗೆ ಬಂದು, ಅಲ್ಲಿ ನಂದಿಹೋಯಿತು. ಅವರು ನೀರನ್ನು ಚೆಲ್ಲಲಿಲ್ಲ. ಎದುರಾಗಿ ಮತ್ತೊಂದು ಉರಿಯನ್ನೂ ಎಬ್ಬಿಸಲಿಲ್ಲ. ಪವಾಡವೆಂದು ನಂಬುವವರು ಹಾಗೆ ನಂಬಲಿ. ನಂಬದವರೂ ಒಂದನ್ನು ಒಪ್ಪಬೇಕಾಗುತ್ತದೆ: ಹಿಡಿದುಕೊಳ್ಳುವುದಕ್ಕೆ ಕಸಕಡ್ಡಿ ಸಿಕ್ಕದ ಕಡೆ ಬೆಂಕಿ ನಿಲ್ಲಲಾರದು. ಪ್ರಭುಗಳಲ್ಲಿ ನಾನೆಂಬುದು ಉಳಿದಿರಲಿಲ್ಲ. ಆದುದರಿಂದ ಅಲ್ಲಿ ಸುಡುವುದಕ್ಕೆ ಏನೂ ದೊರೆಯಲಿಲ್ಲ. ಅಂದು ಪ್ರಭುಗಳೂ ಸಿಟ್ಟಾಗಿದ್ದರೆ ಸೊನ್ನಲಿಗೆಯ ಗತಿ ಏನಾಗುತ್ತಿತ್ತೋ ಹೇಳಬಲ್ಲವರಾರು.

ಸಿದ್ಧರಾಮರ ದೊಡ್ಡತನ ತೋರುವುದು ಇಲ್ಲಿಂದ ಮುಂದೆ. ಕೋಪ ಬಂದುದರಲ್ಲಿ ವಿಶೇಷವಿಲ್ಲ, ಅದು ಎಲ್ಲರಿಗೂ ಬರುತ್ತದೆ. ಬಸವಣ್ಣನವರು ಬೇಡವೆಂದು ಎಣಿಸಿ ಹೇಳಿದ ಏಳರಲ್ಲಿ ಕಳವು, ಕೊಲೆ, ಹುಸಿಗಳ ಬೆನ್ನಿಗೇ ಮುನಿಸನ್ನು ಇರಿಸಿರುವುದನ್ನು ನೋಡಿದರೆ, ಅದು ಎಷ್ಟು ಸಾಮಾನ್ಯವೋ ಅಷ್ಟೇ ಘೋರವೆಂದು ಅವರು ಬಗೆದಂತೆ ತೋರುತ್ತದೆ. ತಾನು ಬಿಟ್ಟ ಬಾಣ ವ್ಯರ್ಥವಾಯಿತೆಂದು ಕಂಡಾಗ ಸಾಮಾನ್ಯ ಮನುಷ್ಯನು ಇನ್ನೂ ಹೆಚ್ಚು ಕೆರಳುತ್ತಾನೆ. ಇಲ್ಲವೆ ಮುಖ ತಿರುಗಿಸಿ ಹೊರಟುಹೋಗಿ, ಒಳಗೊಳಗೇ ಹಗೆಯನ್ನು ಸಾಕುತ್ತಾನೆ. ಸಿದ್ಧರಾಮರು ಎರಡನ್ನೂ ಮಾಡಲಿಲ್ಲ. ತಮ್ಮ ಕೆಲಸಗಾರರೆಲ್ಲ ನೋಡುತ್ತಿರುವಂತೆಯೇ, ತಮ್ಮನ್ನು ದೇವರೆಂದು ನಂಬಿದವರ ಎದುರಿನಲ್ಲಿಯೇ, ಕಲ್ಲಿನ ರಾಶಿಯ ಮೇಲೆ ನಿಂತ ಆ ಅಪರಿಚಿತನಿಗೆ ತಲೆಬಾಗಿದರು. ಕೆರೆ ಕಟ್ಟುವ ತಾಳ್ಮೆ ಒಂದು ಬಗೆಯದು. ಅದನ್ನು ಜನ ಹೊಗಳುತ್ತಾರೆ. ತನ್ನವರ ಮುಂದೆ ತನ್ನ ತಪ್ಪನ್ನು ಒಪ್ಪಿಕೊಳ್ಳುವ ತಾಳ್ಮೆ ಇನ್ನೊಂದು ಬಗೆಯದು. ಅದನ್ನು ಹೊಗಳುವವರು ಆ ಹೊತ್ತಿಗೆ ಯಾರೂ ಇರುವುದಿಲ್ಲ.

ಆಮೇಲೆ ನಡೆದ ಸಂವಾದ ದೀರ್ಘವಾದುದು. ಕೆರೆ, ಗುಡಿಗಳನ್ನು ಕಟ್ಟಿಸುವುದು ಪುಣ್ಯವೇ ಆದರೂ, ನಾನು ಕಟ್ಟಿಸಿದೆನೆಂಬ ಭಾವ ಉಳಿದರೆ ಅದೇ ಬಂಧನವಾಗುತ್ತದೆಂಬುದು ಪ್ರಭುಗಳ ಬೋಧೆಯ ತಿರುಳು. ಹೊರಗೆ ಸ್ಥಾವರಗಳನ್ನು ನಿಲ್ಲಿಸುತ್ತ ಹೋದವನು ತನ್ನೊಳಗಣ ಲಿಂಗವನ್ನು ಅರಿಯಬೇಕೆಂದು ಅವರು ತಿಳಿಸಿದರು. ಸಿದ್ಧರಾಮರು ಎಲ್ಲವನ್ನೂ ಥಟ್ಟನೆ ಒಪ್ಪಿದರೆಂದು ಭಾವಿಸಬೇಕಾಗಿಲ್ಲ. ಅವರು ಕೇಳಿದರು, ಸಂದೇಹಪಟ್ಟರು, ಮತ್ತೆ ಕೇಳಿದರು. ವಾದದಲ್ಲಿ ದೃಢತೆಯಿತ್ತು, ಕ್ರೋಧವಿರಲಿಲ್ಲ. ಕೆಲವು ಗಳಿಗೆಗಳ ಹಿಂದೆ ಹಣೆಗಣ್ಣು ತೆರೆದಿದ್ದವರು ಈಗ ತಮ್ಮ ಜೀವಮಾನದ ಕಾರ್ಯವನ್ನೇ ಪ್ರಶ್ನಿಸುವ ಮಾತುಗಳನ್ನು ಕುಳಿತು ಕೇಳುತ್ತಿದ್ದರು.

ಪ್ರಭುಗಳೊಡನೆ ಅವರು ಕಲ್ಯಾಣಕ್ಕೆ ನಡೆದರು. ಅಲ್ಲಿ ಬಸವಣ್ಣನವರ ದರ್ಶನವಾಯಿತು. ಶರಣರ ಗೋಷ್ಠಿಯಲ್ಲಿ ಮತ್ತೆ ಚರ್ಚೆಯೆದ್ದಿತು. ಇಷ್ಟಲಿಂಗವಿಲ್ಲದ ಶಿವಯೋಗಿಗೆ ದೀಕ್ಷೆ ಬೇಕೆ, ಬೇಡವೆ? ಅಂತರಂಗದಲ್ಲಿ ಅರಿವು ಬೆಳಗಿದ ಮೇಲೆ ಕರದಲ್ಲಿ ಕುರುಹೇಕೆ? ಪ್ರಶ್ನೆ ಸಣ್ಣದಾಗಿರಲಿಲ್ಲ, ಉತ್ತರವೂ ಒಂದು ಮಾತಿನಲ್ಲಿ ಮುಗಿಯಲಿಲ್ಲ. ಕಡೆಗೆ ಚೆನ್ನಬಸವಣ್ಣನವರಿಂದ ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯಾಯಿತು. ಚೆನ್ನಬಸವಣ್ಣನವರು ವಯಸ್ಸಿನಲ್ಲಿ ಕಿರಿಯರು. ಸಿದ್ಧರಾಮರಾದರೋ ನಾಡೆಲ್ಲ ಬಲ್ಲ ಹಿರಿಯರು, ಗುಡಿ ಕಟ್ಟಿಸಿದವರು, ಅಪಾರ ಶಿಷ್ಯಸಮೂಹವನ್ನು ಪಡೆದವರು. ಮಗನ ವಯಸ್ಸಿನವನಿಂದ ಒಂದು ಹಿತವಚನವನ್ನು ಕೇಳಿಸಿಕೊಳ್ಳುವುದಕ್ಕೇ ನಮ್ಮಂಥವರ ಮುಖ ಕೆಂಪಾಗುತ್ತದೆ. ಅವರು ಕರವೊಡ್ಡಿ ಲಿಂಗವನ್ನು ಸ್ವೀಕರಿಸಿದರು. ತಮ್ಮ ವಚನಗಳಲ್ಲಿ ಚೆನ್ನಬಸವಣ್ಣನವರನ್ನು ಗುರುವೆಂದು ಬಾಯಿತುಂಬ ಕೊಂಡಾಡಿದರು.

ಇಷ್ಟನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನ ಬೆಳಗ್ಗೆ ಆ ಹಳ್ಳಿಗೆ ಹೋಗಿ ಹಿರಿಯರ ಮನೆಯ ಜಗುಲಿಯ ಮೇಲೆ ಕುಳಿತೆ. ಅವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಹಿಂದಿನ ನಾನಾಗಿದ್ದರೆ ಎದ್ದು ಹೊರಟುಬಿಡುತ್ತಿದ್ದೆ. ಅಂದು ಕುಳಿತೇ ಇದ್ದೆ. ಕಡೆಗೆ ಅವರ ಸೊಸೆ ಒಂದು ಲೋಟ ಮಜ್ಜಿಗೆ ತಂದಿಟ್ಟರು. ಸ್ವಲ್ಪ ಹೊತ್ತಿಗೆ ಹಿರಿಯರೂ ಬಂದು, ಮಾತನಾಡದೆ, ಪಕ್ಕದಲ್ಲಿ ಕುಳಿತರು. ಕರೆಯೋಲೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೂಳೆತ್ತುವುದಕ್ಕೆ ಯಾವ ವಾರ ಅನುಕೂಲವೆಂದು ಅವರೇ ಕೇಳಿದರು.

ಸಿದ್ಧರಾಮರ ಉಳಿದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರ ವಚನಗಳು ಸಾವಿರಕ್ಕೂ ಮಿಕ್ಕು ದೊರೆತಿವೆ. ಶೂನ್ಯಸಿಂಹಾಸನವನ್ನು ಮೊದಲು ಅಲ್ಲಮಪ್ರಭುಗಳೂ, ಅನಂತರ ಚೆನ್ನಬಸವಣ್ಣನವರೂ ಅಲಂಕರಿಸಿದರು, ಮೂರನೆಯವರು ಸಿದ್ಧರಾಮೇಶ್ವರರು. ಹಣೆಗಣ್ಣಿನ ಉರಿಯನ್ನು ಯಾರ ಮೇಲೆ ಬಿಟ್ಟಿದ್ದರೋ ಅವರ ಪೀಠಕ್ಕೇ ಉತ್ತರಾಧಿಕಾರಿಯಾದರೆಂಬುದನ್ನು ಗಮನಿಸಬೇಕು. 1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದ ಮೇಲೆ ಅವರು ತಮ್ಮ ಸೊನ್ನಲಿಗೆಗೆ ಮರಳಿದರು; ಅಲ್ಲಿಯೇ ಸಮಾಧಿಸ್ಥರಾದರು. ಕೆರೆಯ ನಡುವಣ ಗುಡಿಯ ಆವರಣದಲ್ಲಿ ಅವರ ಸಮಾಧಿಯಿದೆ. ಪ್ರತಿವರ್ಷ ಮಕರಸಂಕ್ರಾಂತಿಯ ವೇಳೆಗೆ ಅಲ್ಲಿ ದೊಡ್ಡ ಜಾತ್ರೆ ಸೇರುತ್ತದೆ. ಎತ್ತರವಾದ ನಂದಿಧ್ವಜಗಳನ್ನು ಹೊತ್ತ ಭಕ್ತರು 68 ಲಿಂಗಗಳನ್ನು ಸುತ್ತಿ ಬರುತ್ತಾರೆ.

ನಮ್ಮ ಸೀಮೆಯಲ್ಲಿ ಕಲ್ಲು ಒಡೆಯುವ, ಬಾವಿ ತೋಡುವ, ಏರಿ ಕಟ್ಟುವ ಕಾಯಕವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ಭೋವಿ ಬಂಧುಗಳು ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಸಂಕ್ರಾಂತಿಯ ದಿನ ಕೋಲಾರದ ಕಡೆಯ ಊರುಗಳಲ್ಲಿಯೂ ಅವರು ಶಿವಯೋಗಿಯ ಭಾವಚಿತ್ರಕ್ಕೆ ಹೂವೇರಿಸಿ ಮೆರವಣಿಗೆ ಮಾಡುವುದುಂಟು. ಯಾವ ಹೆಸರನ್ನು ಕೇಳಿ ಅಂದು ಸೊನ್ನಲಿಗೆಯಲ್ಲಿ ಕಲ್ಲುಗಳು ಹಾರಿದುವೋ, ಆ ಹೆಸರಿನ ಕಾಯಕದವರೇ ಇಂದು ಅವರನ್ನು ನಮ್ಮವರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.